ಹಾಡುಗಾರರ ದನಿ ಕೇಳೋದು ಹೇಗೆ, ಅದರ ಬಗ್ಗೆ ಮಾತಾಡೋದು ಹೇಗೆ

ಪಿ.ಬಿ. ಶ್ರೀನಿವಾಸ್ ದೊಡ್ಡವರಾ ಎಸ್‌ಪಿಬಿ ದೊಡ್ಡವರಾ, ಜಾನಕಿ ಅಮ್ಮನಾ ವಾಣಿ ಜಯರಾಮಾ, ಈ ಜಗಳ ನಮ್ಮಲ್ಲಿ ಮುಗಿಯೋ ಥರ ಕಾಣಲ್ಲ, ಮುಗಿಯೋದೂ ಬೇಡ ಬಿಡಿ. ಆದ್ರೆ ಜಗಳ ಆಡೋರಲ್ಲಿ ಬಹಳಷ್ಟು ಜನ ಎರಡೇ ಮಾತು ಹೇಳ್ತಾರೆ, ಒಂದು "ಏನ್ ವಾಯ್ಸ್ ಗುರು", ಇನ್ನೊಂದು "ಅದು ದೇವರು ಕೊಟ್ಟ ವರ". ಎರಡರಲ್ಲೂ ಪ್ರೀತಿ ಇದೆ, ಆದ್ರೆ ಅವರು ಆ ಹಾಡಲ್ಲಿ ಕೇಳಿಸ್ಕೊಂಡಿದ್ದೇನು ಅನ್ನೋದು ಒಂದು ಚೂರೂ ಇಲ್ಲ. ಅದನ್ನ ಕೇಳಿಸ್ಕೊಳ್ಳೋದು ಹೇಗೆ, ಕೇಳಿಸ್ಕೊಂಡಿದ್ದನ್ನ ಇನ್ನೊಬ್ಬರಿಗೆ ಹೇಳೋದು ಹೇಗೆ ಅಂತ ನಂಗೆ ತಿಳಿದಷ್ಟು ಬರೀತೀನಿ. ಸಂಗೀತ ಪಾಠ ಆಗಿರಬೇಕು ಅಂತೇನಿಲ್ಲ, ಕಿವಿ ಮತ್ತೆ ತಾಳ್ಮೆ ಇದ್ರೆ ಸಾಕು.

ಮೊದಲು ಮೂರು ವಿಷಯನ ಬೇರೆ ಬೇರೆ ಮಾಡ್ಕೊಳ್ಳಿ. ಒಂದು ಶಾರೀರ, ಅಂದ್ರೆ ಗಂಟಲು, ಅವರಿಗೆ ಹುಟ್ಟಿನಿಂದ ಸಿಕ್ಕಿದ್ದು. ಎರಡು ಹಾಡುಗಾರಿಕೆ, ಸಿಕ್ಕಿದ್ದನ್ನ ಇಟ್ಕೊಂಡು ಅವರು ಏನ್ ಮಾಡಿದ್ರು ಅನ್ನೋದು. ಮೂರು ಪ್ರಭಾವ, ಯಾರಿಂದ ತಗೊಂಡ್ರು, ಅವರಿಂದ ಯಾರು ತಗೊಂಡ್ರು. ಜಗಳ ಎಲ್ಲ ಹುಟ್ಟೋದು ಈ ಮೂರನ್ನ ಕಲಸಿಬಿಡೋದ್ರಿಂದ. ಒಬ್ಬ ಶಾರೀರದ ಬಗ್ಗೆ ಮಾತಾಡ್ತಿರ್ತಾನೆ, ಇನ್ನೊಬ್ಬ ಹಾಡುಗಾರಿಕೆ ಬಗ್ಗೆ, ಇಬ್ಬರೂ ಸರಿ ಇರ್ತಾರೆ, ಆದ್ರೂ ಬೈಕೊಂಡು ಹೋಗ್ತಾರೆ. ನನ್ನ ಪ್ರಕಾರ ಈ ಮೂರರಲ್ಲಿ ದೊಡ್ಡದು ಎರಡನೇದು, ಯಾಕೆ ಅಂತ ಮುಂದೆ ಬರತ್ತೆ.

ಕೇಳೋಕೆ ಕೂರುವಾಗ ವಿಡಿಯೋ ಹಾಕ್ಬೇಡಿ. ಇದು ಸಣ್ಣ ವಿಷಯ ಅನ್ಸತ್ತೆ, ಆದ್ರೆ ನಮ್ಮ ಪಾಲಿಗೆ ಸಿನಿಮಾ ಹಾಡು ಅಂದ್ರೆ ಹೀರೋ ಮುಖ, ಮುಖ ಕಂಡ ತಕ್ಷಣ ಕಿವಿ ಅರ್ಧ ಮುಚ್ಚಿಹೋಗತ್ತೆ. ಹೆಡ್‌ಫೋನ್ ಹಾಕ್ಕೊಂಡು, ಸೌಂಡ್ ಕಡಿಮೆ ಇಟ್ಕೊಂಡು, ಒಂದೇ ಹಾಡನ್ನ ಮತ್ತೆ ಮತ್ತೆ ಕೇಳಿ, ಪ್ರತಿ ಸಲ ಒಂದೇ ಒಂದು ವಿಷಯ ಹುಡುಕಿ. ಮೊದಲ ಸಲ ಬರೀ ದನಿಯ ತೂಕ, ಇನ್ನೊಂದು ಸಲ ಬರೀ ಉಸಿರು, ಮತ್ತೊಂದು ಸಲ ಬರೀ ಅಕ್ಷರಗಳು. ಎಲ್ಲಾನೂ ಒಟ್ಟಿಗೆ ಹಿಡಿಯೋಕೆ ಹೋದ್ರೆ ಯಾವುದೂ ಸಿಗಲ್ಲ.

ಒಂಟಿ ಹಾಡು ಕೇಳಿ ಯಾರ ದನಿ ಬಗ್ಗೆನೂ ತೀರ್ಮಾನಕ್ಕೆ ಬರಬೇಡಿ, ಯಾವಾಗಲೂ ಜೋಡಿ ಕೇಳಿ. ಇದಕ್ಕೆ ಕನ್ನಡದಲ್ಲಿ ನಂಗೆ ಗೊತ್ತಿರೋ ಬೆಸ್ಟ್ ಜಾಗ 1972ರ ನಾಗರಹಾವು. ಸಂಗೀತ ವಿಜಯಭಾಸ್ಕರ್, ತೆರೆ ಮೇಲೆ ವಿಷ್ಣುವರ್ಧನ್, ಆದ್ರೆ ಆ ಒಬ್ಬ ರಾಮಾಚಾರಿಗೆ ಎರಡು ಗಂಟಲು. "ಬಾರೆ ಬಾರೆ ಚೆಂದದ ಚೆಲುವಿನ ತಾರೆ" ಹಾಡಿದ್ದು ಪಿ.ಬಿ. ಶ್ರೀನಿವಾಸ್, "ಹಾವಿನ ದ್ವೇಷ ಹನ್ನೆರಡು ವರುಷ" ಹಾಡಿದ್ದು ಎಸ್‌ಪಿಬಿ. ಎಸ್‌ಪಿಬಿಗೆ ಆಗ ಇಪ್ಪತ್ತಾರು ವರ್ಷ, ಕನ್ನಡಕ್ಕೆ ಬಂದು ಐದು ವರ್ಷ ಆಗಿತ್ತು ಅಷ್ಟೇ, 1967ರ ನಕ್ಕರೆ ಅದೇ ಸ್ವರ್ಗ ಚಿತ್ರದಿಂದ. ಪಿಬಿಎಸ್ ಆಗಲೇ ನಲವತ್ತು ದಾಟಿದ ಹಿರಿಯರು. ಮೊದಲು ಪಿಬಿಎಸ್ ಹಾಡು ಹಾಕಿ, ಸಾಲು ಶುರು ಆಗೋ ಜಾಗ ಗಮನಿಸಿ, ಅವರು ಸ್ವರದ ಮೇಲೆ ಎಲ್ಲೂ ದಬ್ಬಲ್ಲ, ಮೆಲ್ಲಗೆ ಬಂದು ಕೂರ್ತಾರೆ, ಸಾಲು ಮುಗಿಯೋವಾಗ ದನಿ ಕತ್ತರಿಸಿದ ಹಾಗೆ ನಿಲ್ಲಲ್ಲ, ಕರಗತ್ತೆ. ಆಮೇಲೆ ಎಸ್‌ಪಿಬಿ ಹಾಡಲ್ಲಿ "ಹಾವಿನ", "ಹನ್ನೆರಡು" ಅನ್ನುವಾಗ ಆ ಹಕಾರ ಹೇಗೆ ಉಸಿರಿನ ಜೊತೆ ಹೊರಗೆ ಬರತ್ತೆ, "ದ್ವೇಷ"ದಲ್ಲಿ ಷಕಾರ ಎಷ್ಟು ಹೊತ್ತು ನಿಲ್ಲತ್ತೆ ಕೇಳಿ. ಸಿಟ್ಟನ್ನ ಅವರು ಗಂಟಲು ಜೋರು ಮಾಡಿ ತೋರಿಸ್ತಿಲ್ಲ, ವ್ಯಂಜನದಲ್ಲಿ ತೋರಿಸ್ತಿದ್ದಾರೆ. "ಎಸ್‌ಪಿಬಿ ಆ ಹಾಡಲ್ಲಿ ಬೆಂಕಿ" ಅನ್ನೋ ಬದಲು ನೀವು ಈ ಮಾತು ಹೇಳಿದ್ರೆ ಎದುರುಗಡೆ ಇರೋರು ಮತ್ತೆ ಹಾಡು ಹಾಕಿ ಕೇಳ್ತಾರೆ, ನಮಗೆ ಬೇಕಾಗಿರೋದೂ ಅದೇ ತಾನೇ.

ಒಂದು ಪ್ರಶ್ನೆ ಬರತ್ತೆ, ಒಂದು ಪ್ರೇಮದ ಹಾಡು ಇನ್ನೊಂದು ರೋಷದ ಹಾಡು, ಹೋಲಿಸೋದು ಸರಿನಾ ಅಂತ. ನ್ಯಾಯವಾದ ಪ್ರಶ್ನೆ. ಅದಕ್ಕೇ ಎರಡನೇ ಜೋಡಿ, 1974ರ ಎರಡು ಕನಸು. ರಾಜನ್ ನಾಗೇಂದ್ರ ಸಂಗೀತ, ಒಂದೇ ಚಿತ್ರ, ಇಬ್ಬರು ಗಾಯಕಿಯರು. "ಪೂಜಿಸಲೆಂದೆ ಹೂಗಳ ತಂದೆ" ಎಸ್. ಜಾನಕಿ, "ಎಂದೆಂದೂ ನಿನ್ನನು ಮರೆತು" ಪಿಬಿಎಸ್ ಜೊತೆ ವಾಣಿ ಜಯರಾಂ. ಎರಡೂ ಮೃದು ಹಾಡೇ, ಆದ್ರೆ ಗಂಟಲಿನ ಬಣ್ಣ ಪೂರ್ತಿ ಬೇರೆ. ವಾಣಿ ಜಯರಾಂ ಸ್ವರಕ್ಕೆ ಅಂಚು ಇದೆ, ಗೆರೆ ಎಳೆದ ಹಾಗೆ ನೇರವಾಗಿ ಬಂದು ನಿಲ್ಲತ್ತೆ, ಪಟಿಯಾಲಾ ಘರಾಣೆಯ (ಘರಾಣೆ ಅಂದ್ರೆ ಹಿಂದೂಸ್ತಾನಿ ಸಂಗೀತದ ಗುರುಪರಂಪರೆ) ಉಸ್ತಾದ್ ಅಬ್ದುಲ್ ರೆಹಮಾನ್ ಖಾನ್ ಹತ್ರ ಕಲಿತ ಹಿಂದೂಸ್ತಾನಿ ಅಭ್ಯಾಸ ಆ ಗಂಟಲಲ್ಲಿ ಕೇಳಿಸತ್ತೆ ಅಂತ ನಂಗೆ ಅನ್ಸತ್ತೆ. ಜಾನಕಿ ದನಿ ಒಳಗಡೆಯಿಂದ ಬರತ್ತೆ, ಸಾಲಿನ ಮಧ್ಯದಲ್ಲೇ ಅದರ ಬಣ್ಣ ಬದಲಾಗತ್ತೆ. ಯಾವುದು ಮೇಲು ಅಂತ ಕೇಳಬೇಡಿ. ಈ ಎರಡು ಹಾಡನ್ನ ಗಾಯಕಿಯರು ಅದಲು ಬದಲು ಮಾಡಿ ಹಾಡಿದ್ರೆ ಏನಾಗ್ತಿತ್ತು ಅಂತ ಮನಸ್ಸಲ್ಲೇ ಕೇಳಿ ನೋಡಿ, ಆ ಉತ್ತರದಲ್ಲಿ ದನಿಯ ಬಗ್ಗೆ ನೂರು ಮಾತು ಸಿಗತ್ತೆ.

ಈಗ ಶಾರೀರ. ಇದರಲ್ಲಿ ಗಮನಿಸೋದು ತೂಕ, ಬಣ್ಣ, ಮೂಗಿನ ಅಂಶ ಎಷ್ಟಿದೆ, ಮಂದ್ರಕ್ಕೆ, ಅಂದ್ರೆ ಕೆಳಗಿನ ಸ್ವರಗಳಿಗೆ, ಹೋದಾಗ ದನಿ ತೆಳ್ಳಗಾಗತ್ತಾ, ತಾರಕ್ಕೆ, ಅಂದ್ರೆ ಮೇಲಿನ ಸ್ವರಗಳಿಗೆ, ಹೋದಾಗ ಕಿರುಚತ್ತಾ, ಇಷ್ಟು. ಜೊತೆಗೆ ಶ್ರುತಿ. ಫೋನಲ್ಲಿ ಒಂದು ತಂಬೂರಿ ಆ್ಯಪ್ ಹಾಕ್ಕೊಂಡು ಹಾಡಿನ ಷಡ್ಜ, ಅಂದ್ರೆ ಆಧಾರದ "ಸ" ಸ್ವರ, ಎಲ್ಲಿದೆ ಅಂತ ಗುನುಗಿ ಹುಡುಕಿ. ಹಾರ್ಮೋನಿಯಂ ಇಟ್ಕೊಂಡೋರು ಬಿಳಿ ಒಂದು, ಕಪ್ಪು ಎರಡು ಅಂತ ಲೆಕ್ಕ ಹೇಳ್ತಾರೆ, ನಿಮಗೆ ಹೆಸರು ಗೊತ್ತಾಗದಿದ್ರೂ ಪರವಾಗಿಲ್ಲ, ಈ ಹಾಡು ಅದಕ್ಕಿಂತ ಮೇಲಿದೆ, ಇದು ಕೆಳಗಿದೆ ಅಂತ ಗೊತ್ತಾದ್ರೆ ಸಾಕು. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ, ಮೇಲಿನ ಶ್ರುತಿಗೆ ಹೋದೋರೆಲ್ಲ ದೊಡ್ಡ ಗಾಯಕರಲ್ಲ. ಸಿ. ಅಶ್ವಥ್ ಶರೀಫಜ್ಜನ ಪದ ಎತ್ಕೊಂಡ್ರೆ ತಾರದಲ್ಲಿ ಆ ದನಿ ಉರಿಯತ್ತೆ, ಅದು ಅವರಿಗೆ ಒಪ್ಪತ್ತೆ, ಪದಕ್ಕೂ ಒಪ್ಪತ್ತೆ. ಪಿಬಿಎಸ್ ಮಂದ್ರದಲ್ಲಿ "ಬಾಡಿ ಹೋದ ಬಳ್ಳಿಯಿಂದ" ಹಾಡುವಾಗ ಅಷ್ಟೇ ಶಕ್ತಿ ಬೇರೆ ಕಡೆಯಿಂದ ಬರತ್ತೆ. ರಿಯಾಲಿಟಿ ಶೋಗಳು ಬಂದ ಮೇಲೆ ಕೊನೆಗೆ ಒಂದು ಹೈ ಪಿಚ್ ಹೊಡೆದು ಚಪ್ಪಾಳೆ ತಗೊಳ್ಳೋ ಅಭ್ಯಾಸ ಬಂದುಬಿಟ್ಟಿದೆ, ಅದರಿಂದ ಕೇಳೋರ ಕಿವಿಗೂ ತೊಂದರೆ ಆಗಿದೆ, ಮಂದ್ರದಲ್ಲಿ ಸ್ವರ ನಿಲ್ಲಿಸೋದು ಎಷ್ಟು ಕಷ್ಟ ಅನ್ನೋದೇ ಮರೆತುಹೋಗಿದೆ.

ಶಾರೀರದ ಬಗ್ಗೆ ಮಾತಾಡುವಾಗ ಗಂಗೂಬಾಯಿ ಹಾನಗಲ್ ಅವರನ್ನ ಬಿಟ್ಟು ಮುಂದೆ ಹೋಗೋಕಾಗಲ್ಲ, ಇಲ್ಲಿ ಸ್ವಲ್ಪ ನಿಲ್ಲೋಣ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದೋರು. 1930ರ ದಶಕದಲ್ಲಿ ಅವರ ಗ್ರಾಮಫೋನ್ ರೆಕಾರ್ಡ್‌ಗಳು ಬಂದಾಗ ಅದರ ಮೇಲೆ ಹೆಸರು ಗಾಂಧಾರಿ ಹುಬ್ಳಿ ಅಂತ ಇತ್ತು. ಆ ರೆಕಾರ್ಡ್‌ಗಳು ಈಗಲೂ ಸಿಗತ್ತೆ, ಹುಡುಕಿ ಕೇಳಿ, ತೆಳುವಾದ, ಎತ್ತರದ, ಹುಡುಗಿಯ ದನಿ. ಆಮೇಲೆ ಗಂಟಲಿಗೆ ಟಾನ್ಸಿಲ್ ಚಿಕಿತ್ಸೆ ಆಯ್ತು, ದನಿ ಪೂರ್ತಿ ಇಳಿದು ದಪ್ಪ ಆಯ್ತು, ಮೊದಲ ಸಲ ಕೇಳೋರಿಗೆ ಗಂಡಸಿನ ದನಿ ಅನ್ನಿಸುವಷ್ಟು. ಬೇರೆ ಯಾರಾದ್ರೂ ಆಗಿದ್ರೆ ಹಾಡೋದನ್ನೇ ನಿಲ್ಲಿಸ್ತಿದ್ರೇನೋ. ಇವರು ಲಘು ಸಂಗೀತ ಬಿಟ್ಟು ಹಿಂದೂಸ್ತಾನಿ ಶಾಸ್ತ್ರೀಯದ ಖಯಾಲ್ ಒಂದನ್ನೇ ಹಿಡಿದ್ರು, ಆ ಭಾರದ ದನಿಯಲ್ಲಿ ಒಂದೊಂದೇ ಸ್ವರನ ಆತುರ ಇಲ್ಲದೆ ಬೆಳೆಸ್ತಾ ಹೋದ್ರು, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಲ್ಲಿ ಹೋಗಿ ಬಂದು ಸವಾಯಿ ಗಂಧರ್ವರ ಹತ್ರ ಕಲಿತಿದ್ದನ್ನ ಆ ಗಂಟಲಿಗೆ ಹೊಂದಿಸ್ಕೊಂಡ್ರು. ಗಾಂಧಾರಿ ಹುಬ್ಳಿ ರೆಕಾರ್ಡ್ ಒಂದು, ಅವರ ಐವತ್ತು ಅರವತ್ತರ ವಯಸ್ಸಿನ ಭೈರವ್ ಅಥವಾ ಮಾರವಾ ಒಂದು, ಪಕ್ಕಪಕ್ಕ ಇಟ್ಟು ಕೇಳಿ. ಒಂದೇ ಮನುಷ್ಯ, ಎರಡು ಶಾರೀರ. ದನಿ ಬದಲಾದ ಮೇಲೆ ಉಳಿದಿದ್ದು ಏನು, ಅದು ಹಾಡುಗಾರಿಕೆ. ನಾನು ಎರಡನೇದು ದೊಡ್ಡದು ಅಂದಿದ್ದು ಇದಕ್ಕೇ.

ಕುಮಾರ ಗಂಧರ್ವರದ್ದೂ ಇದೇ ದಾರಿ. ಬೆಳಗಾವಿ ಜಿಲ್ಲೆ ಸುಳೇಭಾವಿಯ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಅನ್ನೋ ಬಾಲಪ್ರತಿಭೆ, ಕ್ಷಯ ಬಂದು ವರ್ಷಗಟ್ಟಲೆ ಹಾಡೋ ಹಾಗಿರಲಿಲ್ಲ, ವಾಸಿಯಾದ ಮೇಲೂ ಒಂದು ಶ್ವಾಸಕೋಶ ಕೆಲಸಕ್ಕೆ ಬರ್ತಿರಲಿಲ್ಲ. ಅವರ ಆಮೇಲಿನ ಹಾಡುಗಾರಿಕೆಯಲ್ಲಿ ಉದ್ದುದ್ದ ತಾನಗಳ (ವೇಗವಾಗಿ ಓಡೋ ಸ್ವರಸಾಲುಗಳ) ಬದಲು ಚಿಕ್ಕ ಚಿಕ್ಕ ಸ್ವರಗುಚ್ಛ ಬರತ್ತೆ, ಮಧ್ಯೆ ಮೌನ ಬರತ್ತೆ, ಮಧ್ಯಪ್ರದೇಶದ ದೇವಾಸದಲ್ಲಿ ಮಂಚದ ಮೇಲೆ ಮಲಗಿ ಕೇಳಿದ ಮಾಳ್ವಾದ ಜಾನಪದ ಬರತ್ತೆ. ಅವರ ಹಾಡಲ್ಲಿ ಉಸಿರು ಎಲ್ಲಿ ತಗೋತಾರೆ ಅಂತ ಲೆಕ್ಕ ಹಾಕ್ತಾ ಕೇಳಿದ್ರೆ, ಕೊರತೆ ಅಂದ್ಕೊಂಡಿದ್ದು ಹೇಗೆ ಶೈಲಿ ಆಯ್ತು ಅನ್ನೋದು ಕಿವಿಗೇ ಗೊತ್ತಾಗತ್ತೆ.

ಹಾಡುಗಾರಿಕೆ ಕೇಳೋಕೆ ಒಂದು ಸುಲಭದ ಅಭ್ಯಾಸ ಇದೆ. ಹಾಡಿನ ಪಲ್ಲವಿ ಒಂದು ಹಾಳೆ ಮೇಲೆ ಬರ್ಕೊಳ್ಳಿ. ಉಸಿರು ತಗೊಂಡ ಕಡೆ ಒಂದು ಗೆರೆ, ಒತ್ತು ಕೊಟ್ಟ ಅಕ್ಷರದ ಕೆಳಗೆ ಒಂದು ಚುಕ್ಕೆ, ಸ್ವರ ಅಲುಗಾಡಿಸಿದ ಕಡೆ ಒಂದು ಅಲೆ. ಗಾಯಕರು ಪದನ ಮಧ್ಯಕ್ಕೆ ಮುರಿದು ಉಸಿರು ತಗೊಂಡ್ರಾ ಅಥವಾ ಅರ್ಥ ಮುಗಿಯೋ ಕಡೆ ತಗೊಂಡ್ರಾ ನೋಡಿ, ಇದೊಂದ್ರಲ್ಲೇ ಒಳ್ಳೆ ಗಾಯಕರು ಯಾರು, ಹಾಡನ್ನ ಅರ್ಥ ಮಾಡ್ಕೊಂಡ ಗಾಯಕರು ಯಾರು ಅಂತ ಬೇರೆ ಆಗಿಬಿಡತ್ತೆ. ಆ ಹಾಳೆ ಇಟ್ಕೊಂಡು ಅದೇ ಹಾಡನ್ನ ಬೇರೆಯವರು ಸ್ಟೇಜಲ್ಲಿ ಹಾಡಿದ್ದು ಕೇಳಿ, ವ್ಯತ್ಯಾಸ ಕಣ್ಣಿಗೇ ಕಾಣತ್ತೆ.

ಅಕ್ಷರದ ವಿಷಯಕ್ಕೆ ಬಂದ್ರೆ ನಮ್ಮ ಸಿನಿಮಾ ಹಾಡಿನ ಇತಿಹಾಸ ಸ್ವಲ್ಪ ಗೊತ್ತಿರಬೇಕು. ಕನ್ನಡ ಸಿನಿಮಾ ಬಹಳ ವರ್ಷ ಮದ್ರಾಸಲ್ಲೇ ತಯಾರಾಗ್ತಿತ್ತು, ರೆಕಾರ್ಡಿಂಗ್ ಕೂಡ ಅಲ್ಲೇ, ಹಾಗಾಗಿ ನಾವು ನಮ್ಮೋರು ಅಂತ ಎದೆಗೆ ಒತ್ಕೊಂಡ ದನಿಗಳಲ್ಲಿ ಬಹಳಷ್ಟು ತೆಲುಗು ತಮಿಳು ಮನೆಗಳಿಂದ ಬಂದವು. ಪಿಬಿಎಸ್ ಕಾಕಿನಾಡದೋರು, ಪಿ. ಸುಶೀಲ ವಿಜಯನಗರಂ, ಜಾನಕಿ ಗುಂಟೂರು ಕಡೆ, ಎಸ್‌ಪಿಬಿ ನೆಲ್ಲೂರು, ವಾಣಿ ಜಯರಾಂ ವೆಲ್ಲೂರು. ಇವರು ಕನ್ನಡದ ಳಕಾರ ಲಕಾರ, ಣಕಾರ ನಕಾರ, ಅಲ್ಪಪ್ರಾಣ ಮಹಾಪ್ರಾಣ ಎಷ್ಟು ಜೋಪಾನವಾಗಿ ಹಾಡ್ತಾರೆ ಅಂತ ಒಂದು ಸಲ ಅದಕ್ಕೇ ಅಂತ ಕೇಳಿ. ಹುಟ್ಟು ಕನ್ನಡಿಗರು ಹಾಡಿದ ಇತ್ತೀಚಿನ ಎಷ್ಟೋ ಹಾಡಲ್ಲಿ ಆ ಸ್ಪಷ್ಟತೆ ಇಲ್ಲ, ಇದು ನಂಗೆ ನಿಜಕ್ಕೂ ಬೇಜಾರಿನ ವಿಷಯ. ಹೊರಗಿನೋರು ಹಾಡೋದು ಮೊನ್ನೆ ಮೊನ್ನೆ ಶುರು ಆಯ್ತು ಅನ್ನೋರಿಗೂ ಇದು ಉತ್ತರ. ಲತಾ ಮಂಗೇಶ್ಕರ್ 1967ರ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣದಲ್ಲಿ ಹಾಡಿದ್ರು, ಕಿಶೋರ್ ಕುಮಾರ್ 1972ರ ಕುಳ್ಳ ಏಜೆಂಟ್ 000ದಲ್ಲಿ. 2006ರಲ್ಲಿ ಮುಂಗಾರು ಮಳೆಗೆ ಸೋನು ನಿಗಮ್ "ಅನಿಸುತಿದೆ ಯಾಕೋ ಇಂದು" ಹಾಡಿದ ಮೇಲೆ ಅದು ದೊಡ್ಡ ಅಲೆ ಆಯ್ತು ಅನ್ನೋದು ನಿಜ. ಊರು ಯಾವುದು ಅಂತ ಕೇಳೋ ಬದಲು ಅಕ್ಷರ ಹೇಗಿದೆ ಅಂತ ಕೇಳಿ, ಅದು ನೇರ ಪ್ರಶ್ನೆ.

ಜಾನಕಿ ಅವರ ಬಗ್ಗೆ ಇನ್ನೊಂದು ಮಾತು. ಅವರು ಹಾಡುವಾಗ ಮೈಕ್ ಮುಂದೆ ಅಲುಗಾಡದೆ ನಿಂತಿರ್ತಿದ್ರು, ಮುಖದಲ್ಲಿ ಅಂಥ ಭಾವವೂ ಕಾಣ್ತಿರಲಿಲ್ಲ, ಕಣ್ಣು ಮುಚ್ಚಿ ಕೇಳಿದ್ರೆ ಮಾತ್ರ ಮಗು, ಮುದುಕಿ, ಹೊಸ ಮದುವಣಗಿತ್ತಿ ಎಲ್ಲರೂ ಆ ಗಂಟಲಲ್ಲಿ ಬರ್ತಾರೆ. 1969ರ ಗೆಜ್ಜೆಪೂಜೆಯ "ಗಗನವು ಎಲ್ಲೋ ಭೂಮಿಯು ಎಲ್ಲೋ" ಕೇಳಿ, ಆಮೇಲೆ 1977ರ ಹೇಮಾವತಿಯ "ಶಿವ ಶಿವ ಎನ್ನದ ನಾಲಿಗೆಯೇಕೆ" ಕೇಳಿ. ಎರಡನೇದು ಎಲ್. ವೈದ್ಯನಾಥನ್ ಕಟ್ಟಿದ್ದು, ತೋಡಿ ಮತ್ತೆ ಆಭೋಗಿ ಒಂದರ ಪಕ್ಕ ಒಂದು ಬರತ್ತೆ, ಎರಡು ರಾಗದ ಸ್ವರಗಳು ಅಷ್ಟು ಬೇರೆ ಇರುವಾಗ ಒಂದರಿಂದ ಇನ್ನೊಂದಕ್ಕೆ ದಾಟೋ ಆ ಕ್ಷಣದಲ್ಲಿ ಗಂಟಲು ಎಡವದೇ ಇರೋದು ಸಣ್ಣ ಮಾತಲ್ಲ. ರಾಗ ಗೊತ್ತಿಲ್ಲದೋರಿಗೂ ಆ ತಿರುವು ಕಿವಿಗೆ ಬೀಳತ್ತೆ, ಹಾಡಿನ ಬೆಳಕೇ ಬದಲಾದ ಹಾಗೆ ಅನ್ಸತ್ತೆ. ಆ ಜಾಗದ ನಿಮಿಷ ಸೆಕೆಂಡ್ ಬರ್ಕೊಂಡು ಸ್ನೇಹಿತರಿಗೆ ಕಳಿಸಿ, "ಇಲ್ಲಿ ಕೇಳು" ಅಂತ. ದನಿ ಬಗ್ಗೆ ಮಾತಾಡೋಕೆ ಇದಕ್ಕಿಂತ ಒಳ್ಳೆ ವಿಧಾನ ನಂಗೆ ಗೊತ್ತಿಲ್ಲ, ವಿಶೇಷಣ ಬೇಡ, ಜಾಗ ತೋರಿಸಿ.

ಡಾ. ರಾಜ್ ಹಾಡಿನ ಬಗ್ಗೆ ಮಾತು ಬಂದಾಗ ಅಭಿಮಾನ ಉಕ್ಕಿ ಬರತ್ತೆ, ನಂಗೂ ಬರತ್ತೆ, ಆದ್ರೂ ಕೇಳೋ ವಿಧಾನ ಅದೇ. 1974 ಒಂದು ಒಳ್ಳೆ ವರ್ಷ, ಒಂದು ಕಡೆ ಎರಡು ಕನಸಲ್ಲಿ ಅವರ ಮುಖಕ್ಕೆ ಪಿಬಿಎಸ್ ದನಿ, ಇನ್ನೊಂದು ಕಡೆ ಸಂಪತ್ತಿಗೆ ಸವಾಲ್‌ನಲ್ಲಿ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ರಾಜ್ ಕೈಲೇ "ಯಾರೇ ಕೂಗಾಡಲಿ" ಹಾಡಿಸಿದ್ರು. ಅದಕ್ಕೆ ಮುಂಚೆ ಅಲ್ಲೊಂದು ಇಲ್ಲೊಂದು ಹಾಡಿದ್ರು, ಅಲ್ಲಿಂದ ಮುಂದೆ ಹೆಚ್ಚುಕಮ್ಮಿ ತಮ್ಮ ಹಾಡು ತಾವೇ. ಪಿಬಿಎಸ್ ದನಿಯಲ್ಲಿ ಮೈಕ್ ಹತ್ರ ನಿಂತು ಕಿವಿಯಲ್ಲಿ ಹೇಳಿದ ಹಾಗೆ ಒಂದು ಆಪ್ತತೆ ಇದೆ. ರಾಜ್ ದನಿಯಲ್ಲಿ ಕಂಪನಿ ನಾಟಕದ ಅಭ್ಯಾಸ ಇದೆ, ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬೆಳೆದೋರು, ಪ್ರತಿ ಪದ ಕೊನೆ ಸಾಲಲ್ಲಿ ಕೂತೋನಿಗೂ ಮುಟ್ಟಬೇಕು ಅನ್ನೋ ಹಾಗೆ ಅಕ್ಷರ ಬಿಡಿಸಿ ಹಾಡ್ತಾರೆ. ನಟ ತಾನೇ ಹಾಡಿದಾಗ ಮಾತು ಮುಗಿದು ಹಾಡು ಶುರು ಆಗೋ ಜಾಗದಲ್ಲಿ ಗೋಡೆ ಇರಲ್ಲ, ಇದನ್ನ ಗಮನಿಸಿ ಕೇಳಿ. 1992ರ ಜೀವನ ಚೈತ್ರದ "ನಾದಮಯ" ಹಾಡಿಗೆ ರಾಷ್ಟ್ರಪ್ರಶಸ್ತಿ ಬಂದಾಗ ಅವರು ಅರವತ್ತು ದಾಟಿದ್ರು, ಆ ವಯಸ್ಸಿನ ಉಸಿರನ್ನ ಅವರು ಹೇಗೆ ಹಂಚಿದ್ದಾರೆ ಅಂತ ಮೇಲೆ ಹೇಳಿದ ಹಾಳೆ ಮೇಲೆ ಗುರುತು ಹಾಕಿ ನೋಡಿ.

ಮೈಕ್ ಅಂದೆ ಅಲ್ವಾ, ಕಾಲ ಯಾವುದು ಅಂತ ತಿಳ್ಕೊಳ್ಳದೆ ದನಿ ಹೋಲಿಸಬಾರದು. ಮೈಕ್ ಇಲ್ಲದ ಕಾಲದ ರಂಗಗೀತೆಯೋರು ಎತ್ತರದ ಶ್ರುತಿಯಲ್ಲಿ ದನಿ ಎಸೆದೇ ಹಾಡಬೇಕಿತ್ತು. 78 ಆರ್‌ಪಿಎಂ ತಟ್ಟೆಯ ಒಂದು ಮುಖದಲ್ಲಿ ಹೆಚ್ಚುಕಮ್ಮಿ ಮೂರು ನಿಮಿಷ ಅಷ್ಟೇ, ದೊಡ್ಡ ರಾಗನ ಅಷ್ಟರಲ್ಲೇ ಮುಗಿಸಬೇಕು. ಆಮೇಲೆ ಬಂದ ಸಿನಿಮಾ ರೆಕಾರ್ಡಿಂಗಲ್ಲಿ ವಾದ್ಯದೋರು ಗಾಯಕರು ಒಟ್ಟಿಗೆ ಕೂತು ಹಾಡ್ತಿದ್ರು, ಒಬ್ಬರು ತಪ್ಪಿದ್ರೂ ಮೊದಲಿಂದ. ಈಗ ಸಾಲು ಸಾಲಾಗಿ ಬೇರೆ ಬೇರೆ ದಿನ ಹಾಡಿ ಜೋಡಿಸ್ತಾರೆ, 1997ರಲ್ಲಿ ಆಟೋಟ್ಯೂನ್ ಬಂದ ಮೇಲೆ ಶ್ರುತಿನೂ ಸರಿ ಮಾಡ್ತಾರೆ. ಹೊಸ ಗಾಯಕರ ಬಗ್ಗೆ ಅಭಿಪ್ರಾಯ ಹೇಳೋ ಮುಂಚೆ ಅವರ ಒಂದು ಲೈವ್ ಕೇಳಿ, ಅಷ್ಟು ನ್ಯಾಯ ಅವರಿಗೆ ಸಲ್ಲಬೇಕು. ಲೈವಲ್ಲಿ ಒಂದು ಚೂರು ಶ್ರುತಿ ಜಾರಿದ್ರೆ ಕೈ ತೋರಿಸಿ ನಗಬೇಡಿ, ಮೈ ದಣಿದು ಉಸಿರು ಕಟ್ಟಿ ಹಾಡೋ ಮನುಷ್ಯರಿಗೆ ಅದು ಆಗೋದೇ.

ಇನ್ನು ಪ್ರಭಾವ. ಇದರಲ್ಲಿ ಅವಸರ ಜಾಸ್ತಿ, ಯಾರದ್ದಾದ್ರೂ ದನಿ ಸ್ವಲ್ಪ ಹೋಲಿದ್ರೆ "ಕಾಪಿ" ಅಂದುಬಿಡ್ತಾರೆ. ನಾನು ಕೇಳ್ಕೊಳ್ಳೋದು, ಇವರು ಅವರನ್ನ ಕೇಳಿದ್ರು ಅನ್ನೋದಕ್ಕೆ ಆಧಾರ ಇದೆಯಾ, ತಗೊಂಡಿದ್ದು ಏನು, ಮತ್ತೆ ತಗೊಳ್ಳದೆ ಬಿಟ್ಟಿದ್ದು ಏನು. ಕೊನೇದು ಯಾರೂ ಕೇಳಲ್ಲ, ಆದ್ರೆ ಕಲಾವಿದರ ಸ್ವಂತಿಕೆ ಅಲ್ಲೇ ಇರತ್ತೆ.

ಕಿರಾಣಾ ಘರಾಣೆ ತಗೊಳ್ಳಿ. ಗದಗದ ಕಡೆಯ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ರೆಕಾರ್ಡ್ ಕೇಳಿ ಸಂಗೀತದ ಹುಚ್ಚು ಹತ್ತಿ 1933ರಲ್ಲಿ ಮನೆ ಬಿಟ್ಟೋದ್ರು, ಎಲ್ಲೆಲ್ಲೋ ಅಲೆದು ಕೊನೆಗೆ ಗುರು ಸಿಕ್ಕಿದ್ದು ಹತ್ತಿರದ ಕುಂದಗೋಳದಲ್ಲೇ, ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವ. ಗಂಗೂಬಾಯಿಗೂ ಅವರೇ ಗುರು. ಈಗ ಕೇಳೋ ಕ್ರಮ ಹೀಗೆ: ಮೊದಲು ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿ (ಭಾವಕ್ಕೆ ಒತ್ತು ಕೊಡೋ ಲಘು ಶಾಸ್ತ್ರೀಯ ಹಾಡು), "ಪಿಯಾ ಬಿನ್ ನಹೀ ಆವತ ಚೈನ್", ಮೂರು ನಿಮಿಷದ ಹಳೇ ತಟ್ಟೆ, ಸಣ್ಣ ಜೇನಿನಂಥ ದನಿ. ಆಮೇಲೆ ಅದೇ ಠುಮ್ರಿನ ಭೀಮಸೇನ ಜೋಶಿ ಹಾಡಿದ್ದು. ಸ್ವರದ ಮೇಲಿನ ಪ್ರೀತಿ, ಒಂದು ಸ್ವರದಲ್ಲಿ ನಿಂತು ಅದನ್ನ ತುಂಬೋ ರೀತಿ ಬಂದಿದೆ. ಆ ತೆಳು ದನಿ ಮಾತ್ರ ಬಂದಿಲ್ಲ, ಬರೋ ಹಾಗೂ ಇರಲಿಲ್ಲ, ಇವರದ್ದು ಗುಡುಗೋ ಗಂಟಲು, ಮೇಲಿಂದ ಬೇರೆ ಘರಾಣೆಗಳಿಂದ ಆರಿಸ್ಕೊಂಡ ತಾನಗಳ ವೇಗ. ಮೂರನೇದಾಗಿ ಗಂಗೂಬಾಯಿ, ಅದೇ ಗುರು, ಅದೇ ಬಡತ್ (ರಾಗನ ಸ್ವರ ಸ್ವರವಾಗಿ ಬೆಳೆಸೋ ರೀತಿ), ಆದ್ರೆ ಅಲಂಕಾರ ಕಡಿಮೆ, ನೇರ. ಮಲ್ಲಿಕಾರ್ಜುನ ಮನ್ಸೂರರನ್ನೂ ಪಕ್ಕಕ್ಕೆ ಇಟ್ಕೊಂಡು ಕೇಳಿದ್ರೆ ಇನ್ನೂ ಸ್ಪಷ್ಟ ಆಗತ್ತೆ, ಅವರದ್ದು ಜೈಪುರ ಅತ್ರೌಲಿ ಘರಾಣೆ, ಮಂಜಿ ಖಾನ್ ಭೂರ್ಜಿ ಖಾನ್ ಹತ್ರ ಕಲಿತಿದ್ದು, ಅಪರೂಪದ ರಾಗ ಎತ್ಕೊಂಡು ಪೀಠಿಕೆ ಇಲ್ಲದೆ ಒಳಗೆ ಇಳಿದುಬಿಡ್ತಾರೆ. ಒಂದೇ ಧಾರವಾಡ ಹುಬ್ಬಳ್ಳಿ ನೆಲ, ಒಬ್ಬರ ಹಾಗೆ ಒಬ್ಬರಿಲ್ಲ. ಪ್ರಭಾವ ಅಂದ್ರೆ ಹೋಲಿಕೆ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಸುಗಮ ಸಂಗೀತದಲ್ಲೂ ಇಂಥದ್ದೇ ಸರಪಳಿ ಇದೆ, ಪಿ. ಕಾಳಿಂಗರಾವ್, ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್. ಕವಿತೆನ ವೇದಿಕೆಗೆ ತಂದು ಜನರ ಬಾಯಿಗೆ ಕೊಟ್ಟಿದ್ದು ಕಾಳಿಂಗರಾಯರು, 1978ರ ನಿತ್ಯೋತ್ಸವ ಕ್ಯಾಸೆಟ್ಟಿಂದ ಅನಂತಸ್ವಾಮಿ ಅದನ್ನ ಮನೆಮನೆಗೆ ಮುಟ್ಟಿಸಿದ್ರು, ಅಶ್ವಥ್ ಅದಕ್ಕೆ ರಂಗಭೂಮಿಯ ಉರಿ ತಂದ್ರು. ಮೂವರ ಒಂದೊಂದು ಹಾಡು ಕೇಳಿ, ಕವಿತೆಯ ಪದಕ್ಕೆ ಮೊದಲ ಜಾಗ ಅನ್ನೋದು ಮೂವರಲ್ಲೂ ಇದೆ, ದನಿ ಒಬ್ಬರದ್ದು ಒಬ್ಬರಿಗೆ ಹತ್ತಿರವೂ ಇಲ್ಲ.

ಸಿನಿಮಾ ಹಾಡಲ್ಲಿ ಇನ್ನೊಂದು ತೊಡಕು, ಗಾಯಕರ ಶೈಲಿ ಅಂತ ನಾವು ಅಂದ್ಕೊಳ್ಳೋದು ಎಷ್ಟೋ ಸಲ ಸಂಗೀತ ನಿರ್ದೇಶಕರದ್ದು. ಎಸ್‌ಪಿಬಿ ರಾಜನ್ ನಾಗೇಂದ್ರಗೆ ಹಾಡಿದ್ದು, ಹಂಸಲೇಖಗೆ ಹಾಡಿದ್ದು ಬೇರೆ ಬೇರೆ ಇಟ್ಟು ಕೇಳಿ, ಎರಡರಲ್ಲೂ ಉಳಿಯೋದು ಎಸ್‌ಪಿಬಿದು, ಬದಲಾಗೋದು ಸಂಗೀತ ನಿರ್ದೇಶಕರದ್ದು. ಶಾಸ್ತ್ರೀಯವಾಗಿ ಕ್ರಮವಾಗಿ ಕಲಿಯದ ಎಸ್‌ಪಿಬಿಗೆ ಕನ್ನಡದಲ್ಲಿ ರಾಷ್ಟ್ರಪ್ರಶಸ್ತಿ ತಂದಿದ್ದು 1995ರ ಗಾನಯೋಗಿ ಪಂಚಾಕ್ಷರ ಗವಾಯಿ ಚಿತ್ರದ ಹಿಂದೂಸ್ತಾನಿ ರಚನೆ, ಹಂಸಲೇಖ ಸಂಗೀತ. ತಮ್ಮ ಮೇಲೆ ಮೊಹಮ್ಮದ್ ರಫಿ ಪ್ರಭಾವ ಎಷ್ಟು ಅಂತ ಎಸ್‌ಪಿಬಿ ವೇದಿಕೆ ಮೇಲೆಲ್ಲ ಮನಸ್ಸು ತುಂಬಿ ಹೇಳ್ತಿದ್ರು, ನಗುತ್ತಾ ಹಾಡೋ ಸಾಲುಗಳಲ್ಲಿ ಅದು ಸಿಗತ್ತೆ, ಹುಡುಕಿ. ಇಳಯರಾಜ ನಮ್ಮ ಜಿ.ಕೆ. ವೆಂಕಟೇಶ್ ಹತ್ರ ಸಹಾಯಕರಾಗಿ ಕೆಲಸ ಮಾಡಿದೋರು, ಈ ದಾರಿಯಲ್ಲಿ ಹಿಂದಕ್ಕೆ ಹೋದ್ರೆ ಕನ್ನಡದ ಹಾಡುಗಳಿಂದ ತಮಿಳಿನ ಹಾಡುಗಳಿಗೆ ಹೋದ ಎಳೆಗಳೂ ಕಾಣತ್ತೆ.

ಪ್ರಶಸ್ತಿ ಎಣಿಸಿ ವಾದ ಗೆಲ್ಲೋಕೆ ಹೋಗ್ಬೇಡಿ. ಜಾನಕಿ ಅವರಿಗೆ ನಾಲ್ಕು ರಾಷ್ಟ್ರಪ್ರಶಸ್ತಿ, ಎರಡು ತಮಿಳು, ಒಂದು ಮಲಯಾಳಂ, ಒಂದು ತೆಲುಗು, ಕನ್ನಡಕ್ಕೆ ಒಂದೂ ಇಲ್ಲ, ಹಾಗಂತ ಅವರ ಕನ್ನಡ ಹಾಡು ಕಡಿಮೆ ಅನ್ನೋಕಾಗತ್ತಾ? ಇನ್ನೊಂದು ಕಡೆ ವಕೀಲಿಕೆ ಮಾಡ್ಕೊಂಡು ಭಾವಗೀತೆ ಹಾಡ್ತಿದ್ದ ಶಿವಮೊಗ್ಗ ಸುಬ್ಬಣ್ಣನವರಿಗೆ ಕಂಬಾರರ "ಕಾಡು ಕುದುರೆ ಓಡಿ ಬಂದಿತ್ತಾ" ಒಂದೇ ಹಾಡಿಂದ ಆ ಪ್ರಶಸ್ತಿ ಬಂತು, ಆ ಹಾಡು ಕೇಳಿದೋರು ಯಾರೂ ಅದಕ್ಕೆ ಬೇಡ ಅನ್ನಲ್ಲ. "ನಂಗೆ ಇಷ್ಟ" ಅನ್ನೋದು "ದೊಡ್ಡವರು" ಅನ್ನೋದಕ್ಕಿಂತ ಪ್ರಾಮಾಣಿಕ ಮಾತು, ಅದನ್ನ ಹೇಳೋಕೆ ಸಂಕೋಚ ಬೇಡ, ಜೊತೆಗೆ ಯಾಕೆ ಇಷ್ಟ ಅನ್ನೋ ಒಂದು ಜಾಗ ತೋರಿಸಿ.

ನೀವೂ ಹಾಡಿ ನೋಡಿ, ದನಿ ಹೇಗಿದ್ರೂ ಸರಿ. ಮಂದ್ರದಲ್ಲಿ ಒಂದು ಸಾಲು ಶ್ರುತಿ ಬಿಡದೆ, ಉಸಿರು ಮುರಿಯದೆ ಹಾಡೋಕೆ ಪ್ರಯತ್ನಿಸಿದ ಮೇಲೆ ಪಿಬಿಎಸ್ ಕೇಳೋದೇ ಬೇರೆ ಥರ ಆಗತ್ತೆ.

ಇನ್ನೊಂದು ಕೆಲಸ, ಇದನ್ನ ದಯವಿಟ್ಟು ಬಿಡಬೇಡಿ. ಯಾರ ದನಿ ಅಂತ ಖಚಿತ ಮಾಡ್ಕೊಂಡು ಮಾತಾಡಿ. ಹಳೇ ಹಾಡುಗಳ ಅಪ್‌ಲೋಡಲ್ಲಿ ಹೆಸರು ತಪ್ಪು ಹಾಕಿರೋದು ಬೇಕಾದಷ್ಟಿದೆ, ಜಾನಕಿ ಹಾಡಿಗೆ ಸುಶೀಲ ಹೆಸರು, ಕ್ಯಾಸೆಟ್ ಕಾಲದಲ್ಲಿ ಬೇರೆಯವರು ಮತ್ತೆ ಹಾಡಿದ ವರ್ಷನ್‌ಗೆ ಮೂಲ ಗಾಯಕರ ಹೆಸರು. ಸಿನಿಮಾದ ಟೈಟಲ್ ಕಾರ್ಡ್ ನೋಡಿ, ರೆಕಾರ್ಡಿನ ಲೇಬಲ್ ಫೋಟೋ ಸಿಕ್ರೆ ನೋಡಿ, ಹಾಡುಪುಸ್ತಕ ಇಟ್ಕೊಂಡಿರೋ ಹಿರಿಯರು ಮನೆಯಲ್ಲಿದ್ರೆ ಕೇಳಿ. ಕೋರಸ್‌ನಲ್ಲಿ ಹಾಡಿದೋರ ಹೆಸರು ಬಹಳ ಕಡೆ ಬರೆದೇ ಇಲ್ಲ, ಎಲ್ಲಾದ್ರೂ ಖಚಿತವಾಗಿ ಸಿಕ್ರೆ ಅದನ್ನ ಹಾಡಿನ ಹೆಸರಿನ ಜೊತೆಗೇ ಬರೆದಿಡಿ.